ಅಂಕಿತವಿಲ್ಲದ ಕೀರ್ತನೆ



ಪುತ್ತೂರಿನಿಂದ ಪಾಣಾಜೆಯ ಕಡೆಗೆ ಹೋಗುವ ದಾರಿಯಲ್ಲಿ, ಕೇರಳದ ಗಡಿಯು ಇನ್ನೇನು ಬಂದಿತೆನ್ನುವಷ್ಟರಲ್ಲಿ, ಅಡಿಕೆ ತೋಟಗಳ ಮಡಿಲಲ್ಲಿ ಕುಳಿತಿರುವ ನಮ್ಮ ಬೆಟ್ಟಂಪಾಡಿಯಲ್ಲಿ ಸಂಜೆಯ ಭಜನೆಗೆಂದು ಮಂದಿರದ ಜಗಲಿಯನ್ನೇರಿದವನಿಗೆ ಮೊದಲು ಕಾಣುವುದು ದೇವರ ಪಟದ ಮುಂದಿನ ದೀಪವಾದರೆ, ಎರಡನೆಯದಾಗಿ ಕಾಣುವುದು ಹಾರ್ಮೋನಿಯಮ್ಮಿನ ಮಗ್ಗುಲಲ್ಲಿ ಮಿನುಗುವ ಒಂದು ಕೆಂಪು ಚುಕ್ಕೆ. ಅದು ಶ್ರುತಿಪೆಟ್ಟಿಗೆಯ ಚುಕ್ಕೆ. ಪೆಟ್ಟಿಗೆಯ ತಿರುಪುಗಳ ಸುತ್ತಲಿನ ಅಕ್ಷರಗಳು ಬೆರಳುಗಳ ಸವೆತಕ್ಕೆ ಅಳಿಸಿಹೋಗಿವೆ. ನೆತ್ತಿಯ ಮೇಲೆ ಎಂದೋ ಒಂದು ಆಯುಧಪೂಜೆಯಂದು ಯಾರೋ ಇಟ್ಟ ಕುಂಕುಮದ ಬೊಟ್ಟು ಒಣಗಿ ಕಂದುಬಣ್ಣಕ್ಕೆ ತಿರುಗಿದೆ. ಮಳೆಗಾಲ ಬಂದಿತೆಂದರೆ ಮನುಷ್ಯರಂತೆ ಅದಕ್ಕೂ ಶೀತವಾಗಿ ಷಡ್ಜವು ಕೂದಲೆಳೆಯಷ್ಟು ಕೆಳಕ್ಕೆ ಜಾರುವುದೂ, ಹಾರ್ಮೋನಿಯಮ್ ಬಾರಿಸುವ ನಾನು ಮುಖ ಗಂಟಿಕ್ಕುವುದೂ, ಹಾಡುವವರು ಮಾತ್ರ ಏನೂ ಆಗದವರಂತೆ ಮುಂದುವರಿಯುವುದೂ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ಕ್ರಮ.

ಎಲೆಕ್ಟ್ರಾನಿಕ್ ಸಂಗೀತವೆಂಬ ದೊಡ್ಡ ಹೆಸರಿನ ವಸ್ತುವು ನಮ್ಮ ಊರಿಗೆ ಬಂದದ್ದು ಹೀಗೆ, ದೇವರ ಮುಂದೆ, ಕುಂಕುಮವಿಟ್ಟುಕೊಂಡು. ಬೆಂಗಳೂರಿನ ಇಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜ್‌ನಾರಾಯಣ್ ಅವರು 1979ರಲ್ಲಿ ವಿದ್ಯುತ್ ತಂಬೂರಿಯನ್ನು ರೂಪಿಸಿದ ಮೇಲೆ, ರೇಡೆಲ್ ಎಂಬ ಹೆಸರಿನ ಆ ಪೆಟ್ಟಿಗೆಗಳೂ ಅವುಗಳನ್ನು ನೋಡಿ ಮಾಡಿದ ಇತರ ಪೆಟ್ಟಿಗೆಗಳೂ ಸಂಗೀತ ವಿದ್ವಾಂಸರ ಮನೆಗಳನ್ನು ಹೊಕ್ಕು, ಹರಿಕಥೆಯ ವೇದಿಕೆಯನ್ನೇರಿ, ಕಡೆಗೆ ನಮ್ಮಂಥ ಹಳ್ಳಿಯ ಭಜನಾ ಮಂದಿರಗಳಿಗೂ ಬಂದವು. ಅದು ಯಂತ್ರ, ಅದು ಅಪಚಾರ ಎಂದು ಯಾರೂ ಮೂಗುಮುರಿಯಲಿಲ್ಲ. ಇದನ್ನು ಬಾನುಲಿಯ ಮೂಲಕ ಹೇಳುವಾಗ ನನಗೆ ನಗು ಬರುವುದುಂಟು; ಏಕೆಂದರೆ ಕಾಲಿಲ್ಲದ, ಗಾಳಿಯೂದುವ, ಬಡಪಾಯಿಯಾದ ಹಾರ್ಮೋನಿಯಮ್ಮನ್ನು ಪರದೇಶದ ವಾದ್ಯವೆಂದು 1940ರಿಂದ 1971ರವರೆಗೆ, ಮೂರು ದಶಕಗಳ ಕಾಲ, ತನ್ನ ಬಾಗಿಲಿನಿಂದ ಹೊರಗಿಟ್ಟದ್ದು ನಮ್ಮ ಆಕಾಶವಾಣಿಯೇ. ಯಾವ ವಾದ್ಯವು ಎಂದು ಪಂಕ್ತಿಬಾಹಿರವಾಗುವುದು, ಯಾವುದು ಎಂದು ಪೂಜೆಗೊಳ್ಳುವುದು ಎಂಬುದನ್ನು ಬಲ್ಲವರಾರು!

ಈ ಹೊತ್ತು ನಾನು ಮಾತನಾಡಬೇಕೆಂದುಕೊಂಡಿರುವುದು ಆ ಪೆಟ್ಟಿಗೆಯ ವಂಶದಲ್ಲಿಯೇ ಹುಟ್ಟಿದ ಇನ್ನೂ ದೊಡ್ಡ ಯಂತ್ರಗಳ ನಡುವೆ ಒಬ್ಬನೇ ಕುಳಿತು ಹಾಡು ಕಟ್ಟುವ ಹೊಸ ಬಗೆಯ ಗಾಯಕನನ್ನು ಕುರಿತು. ಇವನಿಗೆ ಮೇಳವಿಲ್ಲ, ಮೃದಂಗದವನಿಲ್ಲ, ಧ್ವನಿಮುದ್ರಿಕೆಯ ದೊಡ್ಡ ಕಂಪನಿಯ ಹಂಗಿಲ್ಲ. ಕೋಣೆಯ ಕದವಿಕ್ಕಿಕೊಂಡು ಕಂಪ್ಯೂಟರಿನ ಮುಂದೆ ಕುಳಿತರೆ ತಾಳವೂ ಅದರಲ್ಲಿಯೇ, ಶ್ರುತಿಯೂ ಅದರಲ್ಲಿಯೇ, ನೂರು ಪಿಟೀಲುಗಳೂ ಅದರಲ್ಲಿಯೇ. ಇವನು ಹಾಡುವುದಾದರೂ ಏನನ್ನು? ತನ್ನನ್ನೇ. ತನ್ನ ತಾಯಿ ತೀರಿಕೊಂಡದ್ದು, ತಾನು ಯಾರಿಗೋ ಕೊಟ್ಟ ಮಾತನ್ನು ಮುರಿದದ್ದು, ತನಗೆ ದೇವರ ಮೇಲಿನ ನಂಬಿಕೆ ಕಳೆದುಹೋಯಿತೋ ಉಳಿಯಿತೋ ತಿಳಿಯದೆ ರಾತ್ರಿಯೆಲ್ಲ ಎದ್ದು ಕುಳಿತದ್ದು. ಇನ್ನೂ ಒಂದು ವಿಶೇಷವೇನೆಂದರೆ, ಇಂಥವರ ಪೈಕಿ ಅನೇಕರು ಬೆಳೆದುಬಂದದ್ದು ಅತ್ಯಂತ ದೈವಭಕ್ತಿಯ ಮನೆಗಳಲ್ಲಿ. ಇದು ಕಾಕತಾಳೀಯವೆಂದು ನಾನು ಬಹುಕಾಲ ಎಣಿಸಿದ್ದೆನು; ಈಗ ಹಾಗೆ ಎಣಿಸುವುದಿಲ್ಲ.

ಕನ್ನಡದಲ್ಲಿ ‘ಒಪ್ಪಿಸು’ ಎಂಬ ಒಂದು ಕ್ರಿಯಾಪದವುಂಟು. ಅದು ದಿನಬಳಕೆಯಲ್ಲಿ ಸವೆದುಹೋಗಿ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಬಾಲಕನು ಗುರುಗಳ ಮುಂದೆ ನಿಂತು ಪಾಠವನ್ನು ಒಪ್ಪಿಸುವನು. ಕೆಲಸ ಬಿಡುವ ಗುಮಾಸ್ತನು ಲೆಕ್ಕವನ್ನು ಒಪ್ಪಿಸುವನು. ಭಕ್ತನು ಹಣ್ಣುಕಾಯಿಯನ್ನು ದೇವರಿಗೆ ಒಪ್ಪಿಸುವನು. ಅಪರಾಧಿಯು ತಾನು ಮಾಡಿದ್ದನ್ನು ಒಪ್ಪಿಕೊಳ್ಳುವನು. ಬಾಯಿಪಾಠ ಹೇಳುವುದು, ಲೆಕ್ಕ ತೀರಿಸುವುದು, ಅರ್ಪಿಸುವುದು, ತಪ್ಪನ್ನು ಹೇಳಿಕೊಳ್ಳುವುದು, ಈ ನಾಲ್ಕನ್ನೂ ನಮ್ಮ ಹಿರಿಯರು ಒಂದೇ ಧಾತುವಿನಲ್ಲಿ ಕಟ್ಟಿಟ್ಟಿರುವರು. ಸಂಸ್ಕೃತದ ‘ನಿವೇದನ’ವೂ ಹೀಗೆಯೇ, ನೈವೇದ್ಯವೂ ಅದರಿಂದಲೇ, ಆತ್ಮನಿವೇದನವೂ ಅದರಿಂದಲೇ. ಭಾಗವತವು ಎಣಿಸುವ ಒಂಬತ್ತು ಬಗೆಯ ಭಕ್ತಿಯಲ್ಲಿ ಕೀರ್ತನವು ಎರಡನೆಯದು, ಆತ್ಮನಿವೇದನವು ಕಟ್ಟಕಡೆಯದು. ನಡುವೆ ಸ್ಮರಣ, ಪಾದಸೇವನ, ಅರ್ಚನ, ವಂದನ, ದಾಸ್ಯ, ಸಖ್ಯ ಎಂಬ ಆರು ಮೆಟ್ಟಿಲುಗಳನ್ನು ಹತ್ತಿಬರಬೇಕು. ನಾನು ಹೇಳುತ್ತಿರುವ ಹೊಸ ಗಾಯಕನು ಎರಡನೆಯ ಮೆಟ್ಟಿಲಿನಿಂದ ಒಂಬತ್ತನೆಯದಕ್ಕೆ ನೆಗೆದುಬಿಡುವನು. ಕಾಲು ಮುರಿದುಕೊಳ್ಳುವವರೂ ಉಂಟು.

ದೈವಭಕ್ತಿಯ ಮನೆಯಲ್ಲಿ ಬೆಳೆದವನಿಗೆ ಈ ಒಪ್ಪಿಸುವ ವಿದ್ಯೆಯು ಎಷ್ಟು ಎಳವೆಯಲ್ಲಿ ಅಂಟಿಕೊಳ್ಳುವುದೆಂಬುದನ್ನು ನಮ್ಮ ಸೀಮೆಯಲ್ಲಿಯೇ ನೋಡಬಹುದು. ಎಂಟು ವರ್ಷಕ್ಕೆ ಉಪನಯನವಾದ ವಟುವು ಸಂಧ್ಯಾವಂದನೆಯ ಮಂತ್ರಾಚಮನದಲ್ಲಿ, ಹಿಂದಿನ ರಾತ್ರಿಯೋ ಆ ಹಗಲೋ ಮನಸ್ಸಿನಿಂದಲೂ ಮಾತಿನಿಂದಲೂ ಕೈಕಾಲುಗಳಿಂದಲೂ ತಾನು ಮಾಡಿರಬಹುದಾದ ಪಾಪವನ್ನೆಲ್ಲ ಅಂಗೈಯ ನೀರಿನೊಡನೆ ಒಪ್ಪಿಸಿಬಿಡುವನು. ಅರ್ಥವೇನೆಂದು ಕೇಳಿದರೆ ಅವನು ಅರಿಯನು, ಆದರೆ ರಾಗವಾಗಿ ಹೇಳಬಲ್ಲನು. ಪುತ್ತೂರಿನ ಮಾಯಿದೆ ದೇವುಸ್ ಇಗರ್ಜಿಗೆ ಹೋಗುವ ನಮ್ಮ ಕೊಂಕಣಿ ಕ್ರೈಸ್ತ ಮಿತ್ರರು ಅದನ್ನೇ ಕುಮ್ಸಾರ್ ಎನ್ನುವರು. ಅಲ್ಲಿ ಮರದ ಜಾಲರಿಯ ಈಚೆಗೆ ಮೊಣಕಾಲೂರಿದವನಿಗೆ ಆಚೆಗಿರುವ ಪಾದ್ರಿಯ ಮುಖ ಕಾಣದು, ಕಿವಿ ಮಾತ್ರ ಉಂಟೆಂದು ತಿಳಿದಿರುವುದು. ಇನ್ನು ತುಳುನಾಡಿನ ದೈವದ ಕೋಲದಲ್ಲಿ ಊರಿನವರು ತಮ್ಮ ಸಂಕಟವನ್ನು ಅರಿಕೆ ಮಾಡಿಕೊಳ್ಳುವುದಿರಲಿ, ದೈವವೇ ತಾನು ಹುಟ್ಟಿದ್ದು, ನೊಂದದ್ದು, ಮಾಯವಾದದ್ದು ಎಲ್ಲವನ್ನೂ ಪಾಡ್ದನದಲ್ಲಿ ಹೇಳಿಕೊಳ್ಳುವುದು. ಇಂಥ ನೆಲದಲ್ಲಿ ಬೆಳೆದ ಮಗುವಿಗೆ ಹಾಡೆಂದರೆ ಹೇಳಿಕೊಳ್ಳುವುದು, ಹೇಳಿಕೊಳ್ಳುವುದೆಂದರೆ ಎದುರಿಗೆ ಯಾರೋ ಕೇಳುತ್ತಿರುವರೆಂಬ ನೆಚ್ಚಿಕೆ. ಆ ಮಗು ದೊಡ್ಡದಾಗಿ ದೇವರನ್ನು ಬಿಟ್ಟರೂ ಬಿಟ್ಟೀತು. ಹೇಳಿಕೊಳ್ಳುವ ಚಾಳಿಯನ್ನು ಬಿಡದು.

ಹರಿದಾಸರಲ್ಲಿ ಈ ಚಾಳಿಯು ಕಲೆಯಾಯಿತು. ನವಕೋಟಿ ನಾರಾಯಣನೆನಿಸಿದ್ದ ವ್ಯಾಪಾರಿಯೊಬ್ಬನು ಎಲ್ಲವನ್ನೂ ತೊರೆದು ವ್ಯಾಸರಾಯರ ಶಿಷ್ಯನಾಗಿ ಪುರಂದರದಾಸನಾದನೆಂದು ಸಂಪ್ರದಾಯವು ಹೇಳುವುದು. ಆ ಮಹಾನುಭಾವರ ಪದಗಳಲ್ಲಿ ಲೋಕಕ್ಕೆ ಹೇಳುವ ಬುದ್ಧಿವಾದವು ಎಷ್ಟಿದೆಯೋ ತನ್ನ ಮನಸ್ಸಿನ ಹೊಲಸನ್ನು ತಾನೇ ಎತ್ತಿ ತೋರಿಸುವ ಧೈರ್ಯವೂ ಅಷ್ಟೇ ಇದೆ. ನನಗೆ ಎರಡನೆಯದೇ ಹೆಚ್ಚು ಪ್ರಿಯ. ಬುದ್ಧಿವಾದದ ಪದಗಳನ್ನು ನಮ್ಮ ಮಂದಿರದಲ್ಲಿ ಅತ್ಯುತ್ಸಾಹದಿಂದ ಹಾಡುವವರು ಸಾಮಾನ್ಯವಾಗಿ ಅದನ್ನು ಪಕ್ಕದವರಿಗೆಂದೇ ಹಾಡುವರೆಂಬುದು ನನ್ನ ಅನುಭವ. ಆದರೆ ದಾಸರು ಎಷ್ಟೇ ಹೇಳಿಕೊಂಡರೂ, ಎಷ್ಟೇ ಜಗಳವಾಡಿದರೂ, ಪದದ ಕೊನೆಯಲ್ಲಿ ಅಂಕಿತವು ಬಂದೇ ಬರುವುದು. ಪುರಂದರವಿಠಲನೆಂದೋ, ಕಾಗಿನೆಲೆಯಾದಿಕೇಶವನೆಂದೋ, ಅವರಿಗೂ ಹಿಂದಿನ ಶರಣರಲ್ಲಿ ಕೂಡಲಸಂಗಮದೇವನೆಂದೋ ಚೆನ್ನಮಲ್ಲಿಕಾರ್ಜುನನೆಂದೋ. ಕವಿಯು ತನ್ನ ಹೆಸರನ್ನು ಒತ್ತುವ ಕಡೆಯಲ್ಲಿ ಕೇಳುವವನ ಹೆಸರನ್ನು ಒತ್ತುವುದು ಎಂಥ ಸೋಜಿಗದ ಪದ್ಧತಿ! ಈಗಲೂ ರಾಜ್ಯಪಾಲರು ಮಸೂದೆಗೆ ಅಂಕಿತ ಹಾಕಿದರೆಂದು ಪತ್ರಿಕೆಗಳಲ್ಲಿ ಓದುವಾಗ ನನಗೆ ದಾಸರ ನೆನಪಾಗುವುದು. ಅಂಕಿತವಿಲ್ಲದೆ ಅದು ಕಾಯಿದೆಯಾಗದು, ಇದು ಕೀರ್ತನೆಯಾಗದು. ಅಲ್ಲದೆ ದಾಸನು ಅಂಕಿತವನ್ನು ತನಗೆ ತಾನೇ ಇಟ್ಟುಕೊಳ್ಳುವಂತಿರಲಿಲ್ಲ, ಗುರುವು ಕೊಡಬೇಕಾಗಿತ್ತು. ವಿಜಯದಾಸರಿಗೆ ಅದನ್ನು ಕೊಡಲು ಪುರಂದರದಾಸರು ಕನಸಿನಲ್ಲಿ ಬಂದರೆಂದು ಹೇಳುವುದುಂಟು. ಎಂದರೆ, ತಪ್ಪೊಪ್ಪಿಗೆಯನ್ನು ಯಾರ ವಿಳಾಸಕ್ಕೆ ಕಳುಹಿಸಬೇಕೆಂಬುದು ಮೊದಲೇ ನಿಶ್ಚಿತವಾಗಿತ್ತು.

ದಾಸರಲ್ಲಿ ಇನ್ನೊಂದು ಸೌಕರ್ಯವಿತ್ತು. ಪದವೂ ಅವರದೇ, ಮಟ್ಟೂ ಅವರದೇ, ಕಂಠವೂ ಅವರದೇ, ತಂಬೂರಿ ಮೀಟುವ ಬೆರಳೂ ಅವರದೇ. ಆಮೇಲಿನ ಕಾಲದಲ್ಲಿ ಈ ನಾಲ್ಕೂ ಬೇರೆಬೇರೆ ಮನೆಗಳಿಗೆ ಹಿಸೆಯಾಗಿ ಹೋದವು. ನಮ್ಮ ಭಾವಗೀತೆಯನ್ನೇ ನೋಡಿ. ಕೆ. ಎಸ್. ನರಸಿಂಹಸ್ವಾಮಿಯವರು ‘ಮೈಸೂರ ಮಲ್ಲಿಗೆ’ಯನ್ನು 1942ರಲ್ಲಿ ಪ್ರಕಟಿಸಿದರು, ಆ ದಾಂಪತ್ಯದ ಗುಟ್ಟುಗಳನ್ನೆಲ್ಲ ಮುಂದೆ ಹಾಡಿದವರು ಬೇರೆ, ರಾಗ ಹಾಕಿದವರು ಬೇರೆ. ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ವು 1978ರಲ್ಲಿ ಕ್ಯಾಸೆಟ್ಟಾಗಿ ಬಂದು, ಮೈಸೂರು ಅನಂತಸ್ವಾಮಿಯವರ ಮಟ್ಟುಗಳನ್ನು ನಾಡಿನ ಮನೆಮನೆಗೂ ಮುಟ್ಟಿಸಿತು. ಸುಗಮ ಸಂಗೀತವು ನಮಗೆ ಕೊಟ್ಟ ಸುಖವನ್ನು ನಾನು ಅಲ್ಲಗಳೆಯುವವನಲ್ಲ, ಸಿ. ಅಶ್ವತ್ಥರು ಎತ್ತಿದ ಧ್ವನಿಗೆ ಮೈ ನವಿರೇಳದವನು ಕನ್ನಡಿಗನೇ ಅಲ್ಲ. ಆದರೂ ಒಬ್ಬನ ಎದೆಯ ಮಾತನ್ನು ಇನ್ನೊಬ್ಬನು ಹಾಡುವಾಗ ಅದರಲ್ಲಿ ಒಂದು ಬಗೆಯ ವಕೀಲಿಯು ಸೇರಿಕೊಳ್ಳುವುದು. ಸಿನಿಮಾ ಹಾಡಿನಲ್ಲಂತೂ ಕವಿ, ನಿರ್ದೇಶಕ, ಗಾಯಕ, ತುಟಿಯಾಡಿಸುವ ನಟ ಎಂದು ನಾಲ್ಕು ಜನ ಸೇರಿ ಒಬ್ಬನ ದುಃಖವನ್ನು ಹೊರುವರು. ಹೆಣಕ್ಕೆ ಹೆಗಲು ಕೊಟ್ಟಂತೆ.

ಹೀಗೆ ಚದುರಿಹೋಗಿದ್ದ ನಾಲ್ಕನ್ನೂ ಮತ್ತೆ ಒಂದೇ ಕೋಣೆಗೆ ತಂದುಹಾಕಿದ್ದು ಯಂತ್ರ. ಅಮೆರಿಕದ ರಾಬರ್ಟ್ ಮೂಗ್ ಎಂಬವನು 1964ರಲ್ಲಿ ಕಟ್ಟಿದ, ನಾದವನ್ನು ವಿದ್ಯುತ್ತಿನಿಂದಲೇ ಹುಟ್ಟಿಸುವ ಸಿಂಥಸೈಜರ್ ಯಂತ್ರವೊಂದು ಐದೇ ವರ್ಷಗಳಲ್ಲಿ, 1969ರಲ್ಲಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದಿಳಿಯಿತೆಂದರೆ ನೀವು ಆಶ್ಚರ್ಯಪಡುವಿರಿ. ತಂತಿಗಳ ಜಟೆಬಿಟ್ಟುಕೊಂಡು ನಿಂತ ಆ ಬೀರುವನ್ನು ಅಣಿಗೊಳಿಸಿದವನು ಡೇವಿಡ್ ಟ್ಯೂಡರ್ ಎಂಬ ಪಿಯಾನೋ ವಾದಕ. ಈ ಕಥೆಯ ಹಿಂದೆ ಗೀತಾ ಸಾರಾಭಾಯಿ ಎಂಬ ಪಖಾವಜ್ ಕಲಿತ ಹೆಣ್ಣುಮಗಳಿದ್ದಳು. ಆಕೆಯು 1946ರಲ್ಲಿ ನ್ಯೂಯಾರ್ಕಿಗೆ ಹೋಗಿ ಜಾನ್ ಕೇಜ್ ಎಂಬ ಸಂಗೀತಗಾರನಿಂದ ಪಾಶ್ಚಾತ್ಯ ಸಂಗೀತವನ್ನು ಕಲಿತು ಅವನಿಗೆ ನಮ್ಮ ಸಂಗೀತವನ್ನು ಕಲಿಸಿದಳು. ಸಂಗೀತವು ಇರುವುದೇಕೆಂದು ಅವನು ಕೇಳಿದಾಗ, ಮನಸ್ಸನ್ನು ಶಾಂತಗೊಳಿಸಿ ದೈವದ ಪ್ರೇರಣೆಗೆ ಅದನ್ನು ಹದಗೊಳಿಸುವುದಕ್ಕಾಗಿ ಎಂಬ ತನ್ನ ಗುರುವಿನ ಮಾತನ್ನು ಆಕೆ ಹೇಳಿದಳಂತೆ. ಆ ಮಾತು ಕೇಜನ ಬಾಳಿನ ದಿಕ್ಕನ್ನೇ ತಿರುಗಿಸಿತು. ಯಂತ್ರಸಂಗೀತದ ಬುಡವನ್ನು ಕೆದಕಿದರೂ ಜಪಮಾಲೆಯ ಒಂದು ಮಣಿ ಸಿಕ್ಕುವುದು. ಬೀರುವಿನಷ್ಟಿದ್ದ ಯಂತ್ರವು ಪೆಟ್ಟಿಗೆಯಾಗಿ, ಪೆಟ್ಟಿಗೆಯು ಮಡಿಲಿನ ಕಂಪ್ಯೂಟರಾಗಿ, ಈಗ ಅಂಗಿಯ ಕಿಸೆಯ ಫೋನಾಗಿರುವುದನ್ನು ನಾನು ವಿಸ್ತರಿಸಬೇಕಾಗಿಲ್ಲ.

ಈ ಬಗೆಯ ಗಾಯಕರಲ್ಲಿ ಒಬ್ಬನ ಬಾಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸುಫ್ಯಾನ್ ಸ್ಟೀವನ್ಸ್ ಎಂಬವನು ಅಮೆರಿಕದ ಡೆಟ್ರಾಯಿಟಿನಲ್ಲಿ 1975ರಲ್ಲಿ ಹುಟ್ಟಿದನು. ಅಮೆರಿಕದವನಿಗೆ ಈ ಪೂರ್ವದೇಶದ ಹೆಸರೇಕೆಂದರೆ, ಅವನ ತಂದೆತಾಯಿಗಳು ಆಗ ಜಾವಾ ದ್ವೀಪದಲ್ಲಿ ಹುಟ್ಟಿದ ಸುಬುದ್ ಎಂಬ ಒಂದು ಅಧ್ಯಾತ್ಮ ಪಂಥವನ್ನು ಅವಲಂಬಿಸಿದ್ದರು. ಹೆಸರು ಆ ಪಂಥದಿಂದ ಬಂದದ್ದು. ಮುಂದೆ ಅವನು ಕ್ರಿಸ್ತನ ಭಕ್ತನಾದನು. ಅವನಿಗೆ ಒಂದು ವರ್ಷವಾಗಿದ್ದಾಗಲೇ, ಮನೋರೋಗದಿಂದಲೂ ಮದ್ಯದಿಂದಲೂ ಜರ್ಜರಿತಳಾಗಿದ್ದ ತಾಯಿ ಕ್ಯಾರಿಯು ಮನೆಬಿಟ್ಟು ಹೋದಳು. ಬಳಿಕ ಆಕೆಯು ಲೋವೆಲ್ ಎಂಬವನನ್ನು ವರಿಸಿ ಪಶ್ಚಿಮದ ಓರೆಗನ್ ಸೀಮೆಯಲ್ಲಿದ್ದಾಗ, ಮಗನು ಬಾಲ್ಯದ ಮೂರು ಬೇಸಿಗೆಗಳನ್ನು ಅವರೊಡನೆ ಕಳೆದನು. ತಾಯಿಯ ಸಹವಾಸವೆಂದು ಅವನ ಪಾಲಿಗೆ ಬಂದದ್ದು ಬಹುಮಟ್ಟಿಗೆ ಅಷ್ಟೇ. ಆ ಮಲತಂದೆಯೇ ಮುಂದೆ 1999ರಲ್ಲಿ ಇವನೊಡನೆ ಸೇರಿ ‘ಅಸ್ಥ್ಮ್ಯಾಟಿಕ್ ಕಿಟ್ಟಿ’, ಎಂದರೆ ಉಬ್ಬಸದ ಬೆಕ್ಕು, ಎಂಬ ವಿಚಿತ್ರ ಹೆಸರಿನ ಸ್ವತಂತ್ರ ಧ್ವನಿಮುದ್ರಣ ಸಂಸ್ಥೆಯನ್ನು ಕಟ್ಟಿದನೆಂಬುದು ಈ ಕಥೆಯ ಮಾಧುರ್ಯ.

ಸ್ಟೀವನ್ಸನು ಕಟ್ಟಿದ್ದು ಒಂದೇ ಬಗೆಯ ಹಾಡಲ್ಲ. 2001ರಲ್ಲಿ ಚೀನೀಯರ ರಾಶಿಚಕ್ರವನ್ನು ಹಿಡಿದುಕೊಂಡು ಬರಿಯ ಯಂತ್ರನಾದದ ಸಂಪುಟವೊಂದನ್ನು ಮಾಡಿದನು. 2004ರಲ್ಲಿ ಬೈಬಲ್ಲಿನ ಕಥೆಗಳನ್ನು ಹೊಕ್ಕು ಬ್ಯಾಂಜೋ ಹಿಡಿದು ಮೆಲ್ಲಗೆ ಹಾಡಿದನು. ವರ್ಷವರ್ಷವೂ ಕ್ರಿಸ್ಮಸ್ಸಿಗೆ ಮಿತ್ರರಿಗೂ ಬಂಧುಗಳಿಗೂ ಕಾಣಿಕೆಯಾಗಿ ಮನೆಯಲ್ಲಿಯೇ ಮಾಡಿದ ಹಾಡುಗಳು ಕೂಡಿಕೂಡಿ 2006ರಲ್ಲಿ 42, 2012ರಲ್ಲಿ 58, ಒಟ್ಟು ನೂರು ಹಾಡುಗಳ ಎರಡು ಕಟ್ಟುಗಳಾದವು. ನಮ್ಮ ದಾಸರು ಏಕಾದಶಿ ಏಕಾದಶಿಗೆ ಪದ ಹೇಳಿದಂತೆಯೇ ಅಲ್ಲವೆ? 2010ರಲ್ಲಿ, ದೊಡ್ಡ ಕಾಯಿಲೆಯೊಂದರಿಂದ ಎದ್ದವನು, ಯಂತ್ರಗಳ ಗದ್ದಲದಲ್ಲಿ ತನ್ನ ದೇಹದ ಭಯವನ್ನೂ ಮನಸ್ಸಿನ ಭ್ರಾಂತಿಯನ್ನೂ ಕಿರುಚಿದನು. ಆ ಸಂಪುಟದ ಕೊನೆಯ ಹಾಡೊಂದೇ 25 ನಿಮಿಷಗಳನ್ನು ಮೀರಿರುವುದು. ನನಗೆ ಅದು ಸಂಪೂರ್ಣವಾಗಿ ರುಚಿಸಿತೆಂದು ಹೇಳಿದರೆ ಸುಳ್ಳಾಗುವುದು. ಯಕ್ಷಗಾನದಲ್ಲಿ ಚೆಂಡೆಯ ಅಬ್ಬರಕ್ಕೆ ಭಾಗವತರ ಪದವು ಮುಚ್ಚಿಹೋದಾಗ ಆಗುವ ಚಡಪಡಿಕೆಯೇ ಅಲ್ಲಿಯೂ ನನಗಾಯಿತು.

ಆದರೆ 2012ರ ಡಿಸೆಂಬರಿನಲ್ಲಿ ಕ್ಯಾರಿಯು ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡಳು. ಬಾಲ್ಯದಲ್ಲಿ ಬಿಟ್ಟುಹೋದ ತಾಯಿಯ ಹಾಸಿಗೆಯ ಬಳಿಯಲ್ಲಿ ಕಡೆಯ ದಿನಗಳಲ್ಲಿ ಮಗನು ಇದ್ದನು. 2015ರಲ್ಲಿ ಹೊರಬಂದ ‘ಕ್ಯಾರಿ ಆ್ಯಂಡ್ ಲೋವೆಲ್’ ಎಂಬ ಸಂಪುಟವು ಆ ಮರಣದಿಂದ ಹುಟ್ಟಿದ್ದು. ಇದರ ಕೆಲವು ಭಾಗಗಳನ್ನು ಅವನು ಓರೆಗನ್ನಿನ ಕ್ಲಾಮತ್ ಫಾಲ್ಸ್ ಎಂಬ ಊರಿನ ಹೋಟೆಲು ಕೋಣೆಯಲ್ಲಿ ಕುಳಿತು ತನ್ನ ಫೋನಿನಲ್ಲಿಯೇ ಮುದ್ರಿಸಿಕೊಂಡನು. ಕಿವಿಗೊಟ್ಟು ಕೇಳಿದರೆ ಕೋಣೆಯ ಯಂತ್ರದ ಗುಂಯ್‌ಗುಡುವಿಕೆಯೂ ಒಳಗೆ ಉಳಿದುಕೊಂಡಿರುವಂತೆ ತೋರುವುದು. ಅದನ್ನು ಅಳಿಸಬಲ್ಲ ಉಪಾಯಗಳು ಅವನಿಗೆ ತಿಳಿಯದವೇನಲ್ಲ. ಅಳಿಸಲಿಲ್ಲ. ಮಗ್ಗುಲಲ್ಲಿ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಒಂಟಿಯಾಗಿ ಪದ ಹೇಳುವ ವೃದ್ಧರು ನನ್ನ ಕಣ್ಣಮುಂದೆ ಬರುವುದು ಇಲ್ಲಿಯೇ. ತಾಯಿಯನ್ನು ಕ್ಷಮಿಸುವನು, ತಾಯಿಯಂತೆಯೇ ತಾನೂ ಕೆಟ್ಟುಹೋಗುವೆನೇನೋ ಎಂದು ಅಂಜುವನು, ದೇವರನ್ನು ಕರೆಯುವನು, ಕರೆದು ಸುಮ್ಮನಾಗುವನು. ಧ್ವನಿಯನ್ನು ಏರಿಸುವುದೇ ಇಲ್ಲ. ಕುಮ್ಸಾರಿನ ಜಾಲರಿಯ ಬಳಿ ಯಾರಾದರೂ ಕಿರುಚುವುದುಂಟೆ?

ಇಲ್ಲಿ ಅಂಕಿತವೆಲ್ಲಿ ಎಂದು ನಾನು ಹುಡುಕಿದೆನು. ಸಂಪುಟದ ಹೆಸರಿನಲ್ಲಿಯೇ ಇದೆ. ದೇವರ ಹೆಸರು ಇರುತ್ತಿದ್ದ ಎಡೆಯಲ್ಲಿ ತಾಯಿಯ ಹೆಸರು, ಮಲತಂದೆಯ ಹೆಸರು. 2023ರಲ್ಲಿ ‘ಜಾವ್ಲಿನ್’ ಎಂಬ ಸಂಪುಟವು ಹೊರಬಂದಾಗಲೂ ಹಾಗೆಯೇ. ಅದೇ ವರ್ಷದ ಏಪ್ರಿಲಿನಲ್ಲಿ ಅಗಲಿದ ತನ್ನ ಸಂಗಾತಿಗೆ ಅದನ್ನು ಅರ್ಪಿಸಿದನು. ವಿಠಲನ ಬದಲಿಗೆ ತೀರಿಕೊಂಡವರು ನಿಂತಿರುವರು. ತೀರಿಕೊಂಡವರೂ ದೇವರಂತೆಯೇ ಕೇಳುವರು, ಮರುಮಾತಾಡರು.

ನಮ್ಮ ಕರ್ಣಾಟಕದಲ್ಲಿ ಇಂಥವರುಂಟೆ ಎಂದು ನೀವು ಕೇಳುವಿರಿ. ಸ್ವತಂತ್ರ ಗಾಯಕರೆಂದೊಡನೆ ನೆನಪಿಗೆ ಬರುವ ರಘು ದೀಕ್ಷಿತರು ಮೈಸೂರಿನ ಸಂಪ್ರದಾಯಸ್ಥ ಮನೆಯಲ್ಲಿ ಬೆಳೆದು, ಭರತನಾಟ್ಯದಲ್ಲಿ ವಿದ್ವತ್ತನ್ನು ಮುಗಿಸಿ, ಸೂಕ್ಷ್ಮಜೀವಿಶಾಸ್ತ್ರವನ್ನು ಓದಿ, ಕಡೆಗೆ ಗಿಟಾರು ಹಿಡಿದವರು. ಅವರ ಮೊದಲ ಸಂಪುಟವು 2008ರಲ್ಲಿ ಹೊರಬಂದಿತು. ಅವರದು ಜಾನಪದದ ಬೇರಿನ ಸಂಗೀತವೇ ಹೊರತು ಕೋಣೆಯೊಳಗಿನ ಯಂತ್ರದ ಸಂಗೀತವಲ್ಲ, ಆದರೂ ಗಮನಿಸಬೇಕಾದದ್ದೊಂದಿದೆ. ಆ ಸಂಪುಟದಲ್ಲಿ ಹಿಂದಿಯ ಹಾಡೊಂದು ದೇವರನ್ನೇ ನೇರವಾಗಿ ಕೂಗಿ ಕರೆಯುವುದು. ಕನ್ನಡಕ್ಕೆ ಬಂದೊಡನೆ ಮಾತ್ರ ಅವರು ಕೈಹಿಡಿದದ್ದು ಶಿಶುನಾಳ ಶರೀಫರನ್ನು. 1819ರಲ್ಲಿ ಹುಟ್ಟಿ, ಗೋವಿಂದಭಟ್ಟರಿಗೆ ಶಿಷ್ಯನಾಗಿ, 1889ರಲ್ಲಿ ಕಣ್ಮರೆಯಾದ ಆ ಸಂತನ ಶಿಶುನಾಳಧೀಶನೆಂಬ ಅಂಕಿತವನ್ನು ಇವರು ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವದವರೆಗೆ ಹೊತ್ತೊಯ್ದರು. ನಮ್ಮವನು ತನ್ನ ಎದೆಯನ್ನು ತೆರೆಯಬೇಕೆಂದಾಗಲೂ ಹಿರಿಯರ ಅಂಕಿತದ ನೆರಳಿನಲ್ಲಿಯೇ ತೆರೆಯುವನೆಂದು ತೋರುವುದು. ಇನ್ನು ಯಂತ್ರಸಂಗೀತದಲ್ಲಿಯೇ ಬೆಂಗಳೂರಿನಲ್ಲಿ ತನ್ವಿ ರಾವ್, ರಾಹುಲ್ ಗಿರಿ ಎಂಬಿಬ್ಬರು ಸೇರಿ ‘ಸಲ್ಕ್ ಸ್ಟೇಷನ್’ ಎಂಬ ಹೆಸರಿನಲ್ಲಿ 2012ರಲ್ಲಿ ಸಂಪುಟವೊಂದನ್ನು ತಂದರು. ಹಿಂದೂಸ್ಥಾನಿಯ ಛಾಯೆಯುಳ್ಳ ವಿಲಂಬಗತಿಯ ನಾದ. ಸಂಪುಟದ ಇಂಗ್ಲಿಷ್ ಹೆಸರನ್ನು ಕನ್ನಡಿಸಿದರೆ ‘ನೀನು ಕಾಣಿಸಿಕೊಳ್ಳುವವರೆಗೆ’ ಎಂದಾಗುವುದು. ಈ ‘ನೀನು’ ಯಾರು? ದಾಸರಾಗಿದ್ದರೆ ಹೇಳಿಬಿಡುತ್ತಿದ್ದರು.

ಕನ್ನಡದಲ್ಲಿಯೇ ತನ್ನ ಬಾಳನ್ನು ಬಿಚ್ಚಿ ಒಪ್ಪಿಸುವ ಇಂಥ ಗಾಯಕನನ್ನು ಕಾಣಬೇಕೆಂಬ ಆಸೆಯಲ್ಲಿದ್ದ ನನಗೆ ಅವನು ದೊರಕಿದ್ದು ನಮ್ಮ ಮನೆಯ ಅಟ್ಟದ ಮೇಲೆ. ನನ್ನ ಸೋದರಳಿಯನು ಬೆಂಗಳೂರಿನಲ್ಲಿ ಕೆಲಸದಲ್ಲಿರುವನು; ಕಳೆದ ಮಳೆಗಾಲದಲ್ಲಿ ಹತ್ತು ದಿನಗಳ ರಜೆಗೆ ಬಂದಿದ್ದನು. ಚಾಲಿ ಅಡಿಕೆಯ ಗೋಣಿಗಳನ್ನು ಪೇರಿಸಿಟ್ಟ ಅಟ್ಟದಲ್ಲಿ ಎರಡು ಸಾಲುಗಳ ನಡುವೆ ಚಾಪೆ ಹಾಸಿಕೊಂಡು, ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು, ರಾತ್ರಿ ಹತ್ತರ ಮೇಲೆ ಅವನು ಏನೋ ಗುನುಗುವುದು ಕೇಳಿಸುತ್ತಿತ್ತು. ಅಲ್ಲಿಯೇ ಏಕೆಂದು ಕೇಳಿದರೆ, ಗೋಣಿಗಳ ನಡುವೆ ಮಾರ್ದನಿಯಿರದು, ಕಂಠವು ಇದ್ದಂತೆಯೇ ಬರುವುದು ಎಂದನು. ಅಡಿಕೆಗೆ ಈ ಗುಣವಿರುವುದು ಐವತ್ತು ವರ್ಷಗಳಿಂದ ಅಡಿಕೆ ಬೆಳೆಯುತ್ತಿರುವ ನನಗೆ ತಿಳಿದಿರಲಿಲ್ಲ.

ಒಂದು ರಾತ್ರಿ ನಾನೇ ಏಣಿಯೇರಿ ಹೋಗಿ ಕೇಳಿಸೆಂದು ಕೇಳಿದೆನು. “ಸ್ಪೀಕರಿಲ್ಲಿ ಬೇಡ ಮಾವ, ನಿಂಗೊ ಕೆಮಿಗೆ ಮಡಿಕ್ಕೊಂಡು ಕೇಳಿ” ಎಂದು ತನ್ನ ಹೆಡ್‌ಫೋನನ್ನು ನನ್ನ ತಲೆಗೆ ತೊಡಿಸಿ, ತಾನು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡನು. ಮೊದಲು ನೀರಿನ ಮೊರೆತ. ಮಳೆಗಾಲದಲ್ಲಿ ಮುಳುಗುತ್ತಿದ್ದ ಚೆಲ್ಯಡ್ಕದ ಸೇತುವೆಯ ಮೇಲೆ ಹೊಳೆ ಹರಿಯುವ ಸದ್ದನ್ನು ಎಂದೋ ಫೋನಿನಲ್ಲಿ ಹಿಡಿದಿಟ್ಟಿದ್ದನಂತೆ. ಆಮೇಲೆ ಅದರ ಕೆಳಗಿನಿಂದ ಮೆಲ್ಲನೆ ಎದ್ದ ಶ್ರುತಿಯನ್ನು ಕೇಳಿ ನಾನು ಬೆಚ್ಚಿದೆನು. ಕೂದಲೆಳೆಯಷ್ಟು ಕೆಳಗಿಳಿದ ಆ ಷಡ್ಜವನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆನು. ನಮ್ಮ ಮಂದಿರದ ಪೆಟ್ಟಿಗೆ! ಸರಿಪಡಿಸದೆ ಹಾಗೆಯೇ ಇಟ್ಟಿದ್ದನು. ಅದರ ಮೇಲೆ ಅವನ ಕಂಠ, ಮನೆಯಲ್ಲಿ ನಾವಾಡುವ ಹವ್ಯಕ ನುಡಿಯಲ್ಲಿ. ಅವನು ಉಸಿರೆಳೆದುಕೊಳ್ಳುವ ತಾಣಗಳು ಸಿನಿಮಾ ಹಾಡಿನ ತಾಣಗಳಾಗಿರಲಿಲ್ಲ. ಬೇಸಿಗೆಯ ವೇದಪಾಠದಲ್ಲಿ ರುದ್ರವನ್ನು ಕಲಿತವನು ಉಸಿರೆಳೆದುಕೊಳ್ಳುವ ತಾಣಗಳು.

ಹಾಡಿನ ಸಂಗತಿಯನ್ನು ಹೇಳುವುದಕ್ಕೆ ಅವನ ಒಪ್ಪಿಗೆಯನ್ನು ಪಡೆದಿರುವೆನು. ನನ್ನ ತಂಗಿಯು ಈ ಪ್ರಸಾರದ ಹೊತ್ತಿಗೆ ಹಾಲು ಕರೆಯಲು ಹಟ್ಟಿಯಲ್ಲಿರುವಳೆಂಬುದನ್ನೂ ಖಚಿತಪಡಿಸಿಕೊಂಡಿರುವೆನು. ಸಂಗತಿಯಿಷ್ಟೇ. ಬೆಂಗಳೂರಿಗೆ ಹೋದ ಮೊದಲ ವರ್ಷದಲ್ಲಿಯೇ ಅವನ ಸಂಧ್ಯಾವಂದನೆಯು ನಿಂತುಹೋಗಿದೆ. ಪ್ರತಿದಿನ ಸಂಜೆ ತಾಯಿಯು ಫೋನು ಮಾಡಿ “ಜಪ ಆತೋ ಮಗಾ?” ಎಂದು ಕೇಳುವಳು. ಇವನು “ಆತು” ಎನ್ನುವನು. ಆರು ವರ್ಷಗಳಿಂದ ದಿನಕ್ಕೊಂದು ‘ಆತು’. ಹಾಡಿನ ಪಲ್ಲವಿಯೂ ಆ ಒಂದೇ ಮಾತು. ಮೊದಲ ಸಲ ಅದು ಸುಳ್ಳಿನಂತೆ ಕೇಳಿಸಿತು, ಮೂರನೆಯ ಸಲ ಅಳುವಿನಂತೆ. ಎಷ್ಟನೆಯ ಸಲವೋ ಎಣಿಕೆ ತಪ್ಪಿದ ಮೇಲೆ, ಯಂತ್ರವು ಅದನ್ನು ಸುತ್ತಿಸುತ್ತಿ ಮತ್ತೆಮತ್ತೆ ಮರಳಿಸುತ್ತಿರಲು, ಬೆರಳ ಗೆಣ್ಣುಗಳ ಮೇಲೆ ಎಣಿಸುವ ಜಪದಂತೆಯೇ ಕೇಳಿಸತೊಡಗಿತು. ಕೊನೆಗೆ ಕಂಠವು ನಿಂತಿತು. ಅಂಕಿತವು ಬರಬೇಕಾದ ಎಡೆ ಅದು. ಅಲ್ಲಿ ಏನೂ ಇರಲಿಲ್ಲ. ಪೆಟ್ಟಿಗೆಯ ತಗ್ಗಿದ ಷಡ್ಜವೊಂದೇ ಇನ್ನೂ ಸ್ವಲ್ಪ ಹೊತ್ತು ಮಿಡಿಯುತ್ತಿತ್ತು.

“ಇದು ಆರಿಂಗೆ ಬರದ್ದು?” ಎಂದು ಕೇಳಿದೆನು.

ಅವನು ಸ್ವಲ್ಪ ಹೊತ್ತು ಯೋಚಿಸಿ, “ಕೇಳ್ತವಕ್ಕೆ” ಎಂದನು.

ಅಷ್ಟರಲ್ಲಿ ಅಟ್ಟದ ದೀಪ ಇನ್ನೂ ಉರಿಯುತ್ತಿರುವುದನ್ನು ಕಂಡು ನನ್ನ ತಂಗಿಯು ಏಣಿಯ ಬುಡಕ್ಕೆ ಬಂದು, “ಅಣ್ಣ, ಇಷ್ಟೊತ್ತಿಂಗೆ ಇಬ್ರೂ ಎಂತ ಕೇಳ್ತಾ ಇಪ್ಪದು ಅಲ್ಲಿ?” ಎಂದು ಕೂಗಿದಳು. ಅಳಿಯನು ನನ್ನ ಮುಖವನ್ನು ನೋಡಿದನು. ಹೆಡ್‌ಫೋನು ಇನ್ನೂ ನನ್ನ ಕೊರಳಲ್ಲಿಯೇ ಇದ್ದಿತು.

“ಭಜನೆ” ಎಂದೆನು.